ಕಾಶಿಗಾಗುವಷ್ಟು ಮೈಲಿ

೧೮ ನವೆಂಬರ್, ಮಂಗಳವಾರ. ಸೊರಬ.

ಸಿಟ್ಟು ಬಂದಾಗ ಬರೀರಿ ಅಂತ ಡಾಕ್ಟರು ಈ ಪುಸ್ತಕ ಹಿಡಿಸಿದ್ದಾರೆ. ಉಳಿ ಹಿಡಿಯೋ ಕೈಗೆ ಪೆನ್ನು ಯಾಕೆ?

ಗಂಧದ ಕೆತ್ತನೆ ಹೊತ್ತು ದಿಲ್ಲಿ ಪ್ರದರ್ಶನಕ್ಕೆ ಹಾರಿ ಹಾರಿ ವಿಮಾನ ಕಂಪನಿ ಹಾರಿದ ದೂರಕ್ಕೆ ಇನಾಮಾಗಿ ಕೊಡೋ ಮೈಲಿ ಕೂಡಿದೆ, ಅದಕ್ಕೆ ಕಾಶಿಗೆ ಎರಡು ಟಿಕೆಟ್ ಪುಕ್ಕಟೆ ಬರುತ್ತೆ. ನನ್ನ ಹೆಂಡತಿ ರಾಧಮ್ಮ ಇನ್ನೂ ವಿಮಾನ ಹತ್ತಿಲ್ಲ. ಈಗ ಆ ಕಂಪನಿಯೇ ಮುಳುಗುತ್ತಂತೆ. ಈ ಶುಕ್ರವಾರದೊಳಗೆ ಟಿಕೆಟ್ ಮಾಡಿಸದಿದ್ದರೆ ಮೈಲಿ ಹೋಗುತ್ತೆ, ಮಾಡಿಸಿದರೆ ವಿಮಾನ ಇರುತ್ತೋ ಇಲ್ಲವೋ.

"ನಡುವೆ ಅವರು ಬಾಗಿಲು ಹಾಕಿದ್ರೆ ಕಾಶಿಯಿಂದ ನಡೆಸ್ಕೊಂಡು ಬರ್ತೀರೇನ್ರೀ?" ಅಂದಳು.

"ರೈಲಿದೆ ಕಣೇ!" ಅಂತ ಕೂಗಿದೆ.

"ಹಾಗಾದ್ರೆ ಹೋಗೋಕೂ ರೈಲೇ ಸಾಕು."

ಇಷ್ಟು ದಿನ ವಿಮಾನದ ಕಿಟಕಿ ಪಕ್ಕ ಕೂತವನು ನಾನು. ಪ್ರತಿ ಸಲ ಬಂದಾಗ ಮೋಡ ಹೇಗಿತ್ತು ಅಂತ ಕೇಳಿದವಳು ಅವಳು. ಈಗ ಬೇಡ ಅನ್ನೋದು ಭಯಕ್ಕೋ, ನನ್ನ ಮೇಲಿನ ಸಿಟ್ಟಿಗೋ, ತಿಳೀತಿಲ್ಲ.

ರಾಧಾ, ಶುಕ್ರವಾರ ಇಪ್ಪತ್ತೊಂದರೊಳಗೆ ಹೂಂ ಅನ್ನು, ಇಲ್ಲಾ ಊಹೂಂ ಅನ್ನು.