ಹಸಿರು ಲೈನಿನ ಕಾಲರ್

ಮಾರ್ಚ್ 3, ಸೋಮವಾರ

ಅಜ್ಜಿಯ ನೋಟ್‌ಬುಕ್ಕಿಗೆ ಮತ್ತೆ ಕೈ ಹಾಕಿದೆಯಾ, ಮೊಮ್ಮಗಳೇ? ಒಲೆಯ ಮೇಲಿನ ಹಾಲು ಉಕ್ಕಿದರೆ ಕಾಣದು, ಕಂಡವರ ಗುಟ್ಟು ಮಾತ್ರ ಕಾಣುತ್ತದೆ. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವಳ ಅಕ್ಷರ ನನ್ನದು, ಕೋಳಿ ಕೆದಕಿದ ಹಾಗಿದೆ. ಮುಚ್ಚಿಡು.

ನಮ್ಮ ಅಂಗಿ ಫ್ಯಾಕ್ಟರಿಗೆ ಹೊಸ ಸೂಪರ್‌ವೈಸರ್. ಹೊಲಿಯುವ ನಲವತ್ತು ಹೆಂಗಸರನ್ನು ಎರಡು ಲೈನ್ ಮಾಡಿದ. ಕಿಟಕಿ ಕಡೆ ಕೂತವರಿಗೆ ಹಳದಿ ತಲೆಬಟ್ಟೆ, ಗೋಡೆ ಕಡೆಯವರಿಗೆ ಹಸಿರು. ತಪ್ಪು ಕಡಿಮೆ ಬಂದ ಲೈನಿಗೆ ಶನಿವಾರ ಒಂದು ಗಂಟೆ ಮೊದಲೇ ಬಿಡುಗಡೆ. ನಾನು ಹಳದಿ. ಎದುರಿಗೆ ಕೂರುವ ನನ್ನ ತಂಗಿ ಹಸಿರು.

"ಅಕ್ಕಾ, ನೀನು ಮಾಗಿದ ಹಣ್ಣು, ನಾನಿನ್ನೂ ಕಾಯಿ!" ಅಂದಳು. ಇಬ್ಬರೂ ನಕ್ಕೆವು.

ಮಾರ್ಚ್ 5

ತಂಗಿಗೆ ಕಣ್ಣು ಮಂಜು. ಆರು ತಿಂಗಳಿಂದ ಊಟದ ಹೊತ್ತಿನಲ್ಲಿ ಅವಳ ಸೊಟ್ಟ ಕಾಲರುಗಳನ್ನು ಬಿಚ್ಚಿ ನಾನೇ ಹೊಲಿದುಕೊಡುವುದು. ಯಾರಿಗೂ ಗೊತ್ತಿಲ್ಲ. ಗೊತ್ತಾದರೆ ಅವಳ ಕೆಲಸ ಹೋದಂತೆ.

ಇವತ್ತೂ ಊಟದ ಹೊತ್ತಿಗೆ ಅವಳ ಕಡೆ ಹೋಗಲು ಎದ್ದೆ, ನಮ್ಮ ಲೈನಿನ ಬಾಯಿಬಡುಕಿ ತೋಳು ಹಿಡಿದಳು. "ಎಲ್ಲಿಗಜ್ಜೀ? ಹಸಿರಿನವರಿಗೆ ಕೈ ಜೋಡಿಸೋಕಾ?"

ಕೂತುಬಿಟ್ಟೆ. ತಂಗಿ ನೋಡುತ್ತಿದ್ದಳು.

ಮಾರ್ಚ್ 13

ಮೊದಲ ಶನಿವಾರ ಹಸಿರಿನವರೇ ಗೆದ್ದರು. ತಂಗಿಯೂ ನಿಧಾನವಾಗಿ ಹೊಲಿದು ಹೇಗೋ ಪಾರಾದಳು. ಹೋಗುವಾಗ ಎಲ್ಲರ ಜೊತೆ ಕೈ ಬೀಸಿ ಅಣಕಿಸಿದಳು. ನನಗೆ! ಹೊಟ್ಟೆ ಉರಿಯಿತು.

ಹತ್ತು ದಿನದ ಹಿಂದೆ ಒಂದೇ ಡಬ್ಬಿಯಲ್ಲಿ ತಿಂದವರು. ಈಗ ನೀರಿನ ನಲ್ಲಿಯೂ ಬೇರೆ. ನಿನ್ನೆ ಕತ್ತರಿ ಕಾಣದಿದ್ದಾಗ, "ಹಸಿರಿನವರೇ ಕದ್ದಿರೋದು." ಸಿಕ್ಕಿದ್ದು ನಮ್ಮ ಮೇಜಿನ ಕೆಳಗೆ. ಆಡಿದ ಮಾತು ಯಾರೂ ಹಿಂದೆ ತೆಗೆದುಕೊಳ್ಳಲಿಲ್ಲ. ನಾನೂ.

ಮಾರ್ಚ್ 15, ಶನಿವಾರ

ಎರಡೂ ಲೈನಿನ ತಪ್ಪು ಸಮಸಮ. ಉಳಿದದ್ದು ಒಂದೇ ಸೊಟ್ಟ ಕಾಲರ್ — ಯಾವ ಲೈನಿನದೆಂದು ಹೇಳುವ ಅದರ ಚೀಟಿ ಬಿದ್ದುಹೋಗಿತ್ತು.

"ನಿಮ್ಮದು!"

"ನಿಮ್ಮಪ್ಪಂದು!"

ಕೈಗೆ ತೆಗೆದುಕೊಂಡೆ. ಕೊನೆಯಲ್ಲಿ ಮೂರು ಸಲ ಹಿಂದಕ್ಕೆ ಹೊಲಿಗೆ. ನನ್ನ ಬಿಟ್ಟರೆ ಇಲ್ಲಿ ಹಾಗೆ ಹೊಲಿಯುವವಳು ಒಬ್ಬಳೇ. ಕಲಿಸಿದವಳು ನಾನು.

ಸುಮ್ಮನಿರಬಹುದಿತ್ತು. ಬೆನ್ನ ಹಿಂದೆ ಹತ್ತೊಂಬತ್ತು ಜನ ಉಸಿರು ಬಿಗಿಹಿಡಿದು ನಿಂತಿದ್ದರು. ಕಾಲರ್ ಎತ್ತಿ ಹಿಡಿದೆ. "ಹಸಿರಿನದು. ನನ್ನ ತಂಗೀದೇ."

ನಮ್ಮವರು ಶಿಳ್ಳೆ ಹೊಡೆದರು. ಯಾರೋ ತಬ್ಬಿಕೊಂಡರು. ನಿಜ ಹೇಳಬೇಕೆಂದರೆ... ಖುಷಿಯಾಯಿತು.

ಮಾರ್ಚ್ 17, ಸೋಮವಾರ

ಸೂಪರ್‌ವೈಸರ್ ಎಲ್ಲರ ಮುಂದೆ ತಂಗಿಗೆ ಸೂಜಿಗೆ ದಾರ ಪೋಣಿಸಲು ಹೇಳಿದ. ನಾಲ್ಕು ಸಲವೂ ತಪ್ಪಿತು. ಅವಳ ಲೈನಿನವರೇ, "ಮನೇಲಿ ಕೂತ್ಕೋ ಹೋಗಜ್ಜೀ, ನಿನ್ನಿಂದ ನಮಗೆ ಸೋಲು" ಅಂದರು.

ತಲೆಬಟ್ಟೆ ಬಿಚ್ಚಿದಳು. ಮಡಿಸಿ ಮಿಷಿನ್ ಮೇಲಿಟ್ಟು ಹೋದಳು. ನನ್ನ ಕಡೆ ತಿರುಗಲಿಲ್ಲ.

ಮಾರ್ಚ್ 26

ಆಟ ಮುಗಿಯಿತು. ಆ ಸೂಪರ್‌ವೈಸರ್ ಬೇರೆ ಫ್ಲೋರಿಗೆ ಹೋದ. ತಲೆಬಟ್ಟೆಗಳಲ್ಲಿ ಮಿಷಿನ್ ಎಣ್ಣೆ ಒರೆಸುತ್ತೇವೆ. ಆದರೂ ಊಟಕ್ಕೆ ಅವರು ಆ ಬೆಂಚು, ನಾವು ಈ ಬೆಂಚು.

ಸಂಜೆ ತಂಗಿಯ ಮನೆಗೆ ಹೋದೆ. ಬಾಗಿಲು ತೆಗೆಯಲಿಲ್ಲ.

"ನಾನು ಕಣೇ, ಅಕ್ಕ."

ಒಳಗಿಂದಲೇ ಕೇಳಿದಳು — "ಯಾವ ಅಕ್ಕ? ಹಳದಿಯವರಾ?"

ಮಾರ್ಚ್ 28

ಕಾಗದ ಕಳಿಸಬೇಕು. ಮೊದಲು ಇಲ್ಲಿ ಬರೆದು ನೋಡುತ್ತೇನೆ.

ತಂಗೀ, ಸೊಸೆಯ ಕೈಲಿ ಓದಿಸಿಕೋ. ಅವತ್ತು ಬಾಯಿ ತಪ್ಪಿ ಬಂತು — ಈ ಸಾಲಿಗೆ ಗೀಟು ಹೊಡೆದೆ. ಸುಳ್ಳು. ಗೊತ್ತಿದ್ದೇ ಹೇಳಿದೆ. ಕಣ್ಣಿನ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ. ಬೈಯಬೇಕಾದರೆ ದಾರಿಯುದ್ದಕ್ಕೂ ಬೈಯಿ, ತಲೆ ತಗ್ಗಿಸಿ ಕೇಳುತ್ತೇನೆ. ಸುಮ್ಮನೆ ಮಾತ್ರ ಇರಬೇಡ. ಮುಂದಿನ ತಿಂಗಳು ಹುಟ್ಟುವ ಮೊದಲು ಉತ್ತರ ಬರಬೇಕು, ತಿಳಿಯಿತೇನೇ? ಇಲ್ಲದಿದ್ದರೆ ನಾನು ನಿನ್ನ ಬಾಗಿಲಲ್ಲೇ ಬಂದು ಕೂರುತ್ತೇನೆ —