ಮೂರನೆಯ ಒನ್ಸ್ ಮೋರ್

ಪಾಲಾಕ್ಷ ಮೇಷ್ಟ್ರೇ, ಪಾವಗಡದ ಹಾರ್ಮೋನಿಯಂ ಚಕ್ರವರ್ತಿಗಳೇ, ನಿಮ್ಮ ನಾಟಕದ ದುರ್ಯೋಧನನ ನಮಸ್ಕಾರ. ನೀವು ತೀರಿಹೋದ ಮೇಲೆ ನಡೆದದ್ದೊಂದನ್ನು ಒಪ್ಪಿಸುತ್ತೇನೆ, ಕೇಳಿ.

ಇಂದು ಮಧುಗಿರಿಯ ಬ್ಯಾಂಕಿಗೆ ಹೋಗಿದ್ದೆವು. ನಮ್ಮ ಮನೆ ಸಾಲದ ಬಡ್ಡಿ ಈಚೆಗೆ ಎರಡು ಸಲ ಇಳಿದಿದೆ. ಇಂದಿನ ದರವನ್ನೇ ಕೊನೆಯವರೆಗೂ ಕಾಯಂ ಮಾಡಿಕೊಳ್ಳಬಹುದು. ಹಾಗೆ ಮಾಡಿದರೆ ಮುಂದೆ ಇಳಿದರೂ ನಮಗೆ ಸಿಗದು. ಮಾಡದೆ ಏರಿತೋ, ಕಂತು ನಮ್ಮ ಕೈಗೆ ಎಟುಕದು, ಮನೆಯೂ ದಕ್ಕದು.

"ಇನ್ನೊಂದ್ ಸಲ ಇಳೀಲಿ, ತಡೀರಿ ಮ್ಯಾನೇಜರೇ," ಎಂದು ಗರ್ಜಿಸಿದೆ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಹೆಂಡತಿ ಶಶಿರೇಖಾ ಮೆಲ್ಲಗೆ ಅಂದಳು: "ಜನ ಮೂರ್ನೇ ಸಲ ಒನ್ಸ್ ಮೋರ್ ಅಂದ್ರೆ ಮೇಷ್ಟ್ರು ಏನ್ ಮಾಡ್ತಿದ್ರು? ನಿಮ್ ಗಂಟ್ಲು ಒಡೆಯೋಕ್ ಮುಂಚೆ ಹಾರ್ಮೋನಿಯಂ ಪೆಟ್ಗೆ ಮುಚ್ಬುಡ್ತಿದ್ರು. ಈಗ ಮುಚ್ಚೋರ್ ಯಾರವ್ರೆ? ನೀವೇ ಸೈನ್ ಹಾಕ್ಬುಡಿ."

ಹಾಕಿಬಿಟ್ಟೆ.

ಹೊರಗೆ ಪಾವಗಡದ ಬಸ್ಸು ನಿಂತಿತ್ತು. "ಬರ್ತೀರಾ ಯಜಮಾನ್ರೇ?" ಎಂದ ಕಂಡಕ್ಟರು. "ಮುಂದಿನ ವಾರ ಬರ್ತೀನಿ" ಎನ್ನಲು ಬಾಯಿ ತೆರೆದೆ. ನೀವು ಹಾಸಿಗೆ ಹಿಡಿದಾಗ ಫೋನಿನಲ್ಲಿ ಪ್ರತಿ ಸಲ ನಿಮಗೆ ಹೇಳುತ್ತಿದ್ದ ಮಾತು ಅದು; ಒಮ್ಮೆಯೂ ಬರಲಿಲ್ಲ.

ಬರುವುದಿಲ್ಲವೆಂದು ತಲೆ ಅಲ್ಲಾಡಿಸಿದೆ. ಬಸ್ಸು ಹೊರಟಿತು.