ಜೋಡ್ವಾ ನುಂಗಿದ ಮಾತ್ರೆ

ತುಗೆಲಾ ನದಿಯ ದಂಡೆ
೧೪ ಆಗಸ್ಟ್ ೨೦೧೭

ಪ್ರೀತಿಯ ನೊಕ್ವಾಜಿ,

ಚೆನ್ನಾಗಿದ್ದೀಯಾ ಮಗಳೇ? ಈಸ್ಟರ್ ಹೊತ್ತಿಗೆ ಬಂದ ನಿನ್ನ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಕಣ್ಣಿನ ಪೊರೆ ತೆಗೆಸಿಕೊಂಡೆ ಎಂಬುದು ನೆಪ. ನಾಲ್ಕು ಸಲ ಬರೆಯಲು ಕೂತು ನಾಲ್ಕು ಸಲವೂ ಎದ್ದು ಹೋದೆ. ಕ್ಷಮಿಸು.

ನಿನ್ನ ಅಜ್ಜಿ ಗಟ್ಟಿಮುಟ್ಟಾಗಿದ್ದಾಳೆ. ಮೊನ್ನೆ ಬಸ್ಸಿನ ಹತ್ತಿರ ಸಿಕ್ಕವಳು, "ನನ್ನ ಮೊಮ್ಮಗಳು ಡರ್ಬನ್ನಿನಲ್ಲಿ ಔಷಧಿ ಶಾಸ್ತ್ರ ಓದ್ತಿದಾಳೆ ಬೊನಾಕೆಲೆ. ಇನ್ನು ನಿನ್ನ ಉಪದೇಶ ಯಾರಿಗೆ ಬೇಕು?" ಎಂದು ಹಂಗಿಸಿದಳು.

ತರಗತಿಯಲ್ಲಿ ಮೇಷ್ಟ್ರು ಸ್ಟಾವುಡಿನ್ ಎಂಬ ಹಳೆಯ ಏಡ್ಸ್ ಮಾತ್ರೆಯ ಹೆಸರೆತ್ತಿದರು, ಅಮ್ಮನ ಡಬ್ಬಿಯ ಮೇಲಿದ್ದದ್ದೂ ಅದೇ ಹೆಸರು ಎಂದು ನೀನು ಬರೆದಿದ್ದೆ. ಅಮ್ಮನನ್ನು ಕೊಂದದ್ದು ಏಡ್ಸೋ ಮಾತ್ರೆಯೋ ಎಂದು ಕೇಳಿದ್ದೆ. ಅವಳು ಹೋದಾಗ ನಿನಗೆ ಎಂಟು ವರ್ಷ. ಆಗ ಯಾರೂ ನಿನಗೆ ಏನನ್ನೂ ಹೇಳಲಿಲ್ಲ.

೨೦೦೪ರಲ್ಲಿ ನಿನ್ನ ಅಮ್ಮ ಜೋಡ್ವಾಳನ್ನು ಮಣ್ಣು ಹೊರುವ ಕೈಗಾಡಿಯಲ್ಲಿ ಕೂರಿಸಿಕೊಂಡು ಕ್ಲಿನಿಕ್ಕಿಗೆ ತಂದಿದ್ದರು. ಮೂವತ್ತಮೂರು ಕಿಲೋ ಇದ್ದಳು. ಮಾತ್ರೆ ಶುರುವಾಗಿ ಆರು ತಿಂಗಳಿಗೆ ಅದೇ ಹೆಂಗಸು ನದಿಯಿಂದ ನೀರು ಹೊತ್ತು ತಂದಳು. ಆ ಮಾತ್ರೆ ಮೊದಲು ಅವಳನ್ನು ಬದುಕಿಸಿತು, ಇದನ್ನು ಮರೆಯಬೇಡ. ಅಲ್ಲಿ ರೋಗಿಗಳಿಗೆ ತಿಳಿಹೇಳುವುದು ನನ್ನ ಕೆಲಸವಾಗಿತ್ತು. "ಒಂದು ಹೊತ್ತೂ ತಪ್ಪಿಸಬೇಡಿ" ಎಂದು ಎಷ್ಟು ಸಾವಿರ ಸಲ ಹೇಳಿದ್ದೇನೋ.

ಎರಡನೆಯ ವರ್ಷ ಅವಳ ಕೆನ್ನೆ ಬತ್ತಿತು. ಅಂಗಾಲು ಕೆಂಡ ತುಳಿದಂತೆ ಉರಿಯುತ್ತಿತ್ತು. ಹಿಮ್ಮಡಿಯ ಮೇಲೆಯೇ ನಡೆದು ಬರುತ್ತಿದ್ದಳು.

"ಅಕ್ಕಾ, ನಿಮ್ಮ ಮಾತ್ರೆ ನನ್ನ ಕೆನ್ನೆ ತಿಂದಾಯ್ತು. ಕುಂಡಿನಾದ್ರೂ ಬಿಡೋಕೆ ಹೇಳು, ಕೂರೋಕೆ ಬೇಕಲ್ಲ!"

ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಆಮೇಲೆ ವಾಂತಿ. ಕೊನೆಯ ವಾರ ಕೂತಲ್ಲೇ ಏದುಸಿರು. ವಾರಕ್ಕೊಮ್ಮೆ ಬರುತ್ತಿದ್ದ ಡಾಕ್ಟರ್ ಗೋವೆಂಡರ್ ಅವಳನ್ನು ನೋಡಿದವರೇ ಮಾತ್ರೆ ನಿಲ್ಲಿಸಿ, ರಕ್ತವನ್ನು ನಗರಕ್ಕೆ ಕಳಿಸಿದರು. ರಕ್ತದಲ್ಲಿ ಆಮ್ಲ ಮಿತಿಮೀರಿದೆ ಎಂಬ ವರದಿ ಬಂದಾಗ ಅವಳನ್ನು ಮಣ್ಣು ಮಾಡಿ ಎರಡು ದಿನವಾಗಿತ್ತು.

ಅವತ್ತು ಡಾಕ್ಟರು ನನ್ನ ಕೊರಳಿನ ಮಣಿಸರ ತೋರಿಸಿ ಹೇಳಿದರು: "ವೈರಸ್ ತನ್ನ ಸರ ಪೋಣಿಸುವಾಗ ಈ ಔಷಧಿ ಒಂದು ಸುಳ್ಳು ಮಣಿ ಕೊಡುತ್ತೆ. ನೋಡೋಕೆ ಥೇಟ್ ನಿಜದ್ದೇ, ಆದ್ರೆ ತೂತು ಒಂದೇ ಕಡೆ. ಅದರ ಮುಂದೆ ಇನ್ನೊಂದು ಮಣಿ ಏರಲ್ಲ. ವೈರಸ್ ಅಲ್ಲಿಗೇ ನಿಲ್ಲುತ್ತೆ."

"ಮತ್ತೆ ಜೋಡ್ವಾ?"

"ನಮ್ಮ ಜೀವಕೋಶದೊಳಗೂ ಪುಟ್ಟ ಪುಟ್ಟ ಒಲೆಗಳಿವೆ ಬೊನಾಕೆಲೆ. ಅವಕ್ಕೂ ಅವುಗಳದೇ ಡಿಎನ್‌ಎ ಸರ ಇದೆ. ಸುಳ್ಳು ಮಣಿ ಅಲ್ಲೂ ಸೇರ್ಕೊಂಡ್ತು. ಒಲೆ ಒಂದೊಂದೇ ಆರ್ತಾ ಹೋಯ್ತು. ಕಾಲಿನ ನರ, ಕೆನ್ನೆಯ ಕೊಬ್ಬು, ಕೊನೆಗೆ ಲಿವರ್. ಉರಿಯದೆ ಉಳಿದದ್ದು ಆಮ್ಲವಾಗಿ ರಕ್ತ ಸೇರ್ತು, ಆ ಏದುಸಿರು ಅದರದ್ದೇ."

ಹಾಗಾಗಿ ಮಗಳೇ, ಕೊಂದದ್ದು ಮಾತ್ರೆಯೇ. ಎರಡು ವರ್ಷ ಉಳಿಸಿದ ಮೇಲೆ ಕೊಂದಿತು.

ಈಗ ನಮ್ಮ ಕ್ಲಿನಿಕ್ಕಿನಲ್ಲಿ ಅದನ್ನು ಯಾರಿಗೂ ಕೊಡುವುದಿಲ್ಲ. ನಾನೂ ಕೆಲಸ ಬಿಟ್ಟೆ. ಆದರೂ ಮೆಕ್ಕೆಜೋಳದ ಹಿಟ್ಟು ಕಲಕುವಾಗ ಬೆನ್ನ ಹಿಂದೆ ಆ ಏದುಸಿರು ಕೇಳುತ್ತದೆ. ತಿರುಗಿ ನೋಡುವುದನ್ನು ಬಿಟ್ಟಿದ್ದೇನೆ. ಅವಳಿಗೆಂದು ಒಂದು ಬಟ್ಟಲು ಹುಳಿಹಾಲು ಪಕ್ಕಕ್ಕೆ ತೆಗೆದಿಡುತ್ತೇನೆ, ಅಷ್ಟೇ.

ನಿನ್ನ ಹಿರಿಯರು ನಿನ್ನ ಬೆನ್ನಿಗಿರಲಿ. ಕಾಯಿಲೆಯವರು ಬಾಯಿ ಬಿಟ್ಟಾಗ ಕೇಳುವ ಕಿವಿ ನಿನಗಿರಲಿ.

ನಿನ್ನ,
ಬೊನಾಕೆಲೆ ಅತ್ತೆ

ಮರೆತ ಮಾತು: ಮರೆತದ್ದಲ್ಲ. ಮಡಿಸಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಡಾಕ್ಟರು ಹೇಳುವ ಮೊದಲೇ ನಿನ್ನ ಅಮ್ಮ ತಾನಾಗಿ ಮಾತ್ರೆ ಬಿಟ್ಟಿದ್ದಳು, ಹತ್ತು ದಿನ. ನಾನು ಮನೆಗೆ ಹೋಗಿ ಡಬ್ಬಿ ನೋಡಿದಾಗ ಸಿಕ್ಕಿಬಿದ್ದಳು. "ಬಿಟ್ಟ ಮೇಲೆ ವಾಂತಿ ನಿಂತಿದೆ ಅಕ್ಕಾ, ಗಂಜಿ ಇಳೀತಿದೆ. ಇದೇ ನನ್ನ ಕೊಲ್ತಿರೋದು" ಎಂದಳು. "ಮಗಳನ್ನ ಅನಾಥೆ ಮಾಡ್ತೀಯಾ?" ಎಂದು ಬೈದೆ. ಆ ಮಾತಿಗೆ ಬಾಯಿ ತೆರೆದಳು. ಮಾತ್ರೆಯನ್ನು ಅವಳ ನಾಲಿಗೆಯ ಮೇಲೆ ಇಟ್ಟವಳು ನಾನು. ನುಂಗುವವರೆಗೂ ಎದುರೇ ನಿಂತಿದ್ದೆ.